ಯಾವ ರಕ್ತವೂ ಹೊಂದದಿದ್ದಾಗ: ಬ್ಲಡ್ ಬ್ಯಾಂಕಿನ ಬೆಂಚಿನ ಮೇಲೆ ಡಿಟಿಟಿ

ರಿಕ್ವೆಸ್ಟ್ ಫಾರಂನಲ್ಲಿ ಇರುವುದು ಇಷ್ಟೇ. ಅರವತ್ತು ದಾಟಿದ ರೋಗಿ, ಹಿಮೋಗ್ಲೋಬಿನ್ 6.2, ಎರಡು ಯೂನಿಟ್ ಕೆಂಪು ಕಣ ಬೇಕು. ಕಾಯಿಲೆ ಬರೆಯುವ ಜಾಗದಲ್ಲಿ ಬರೀ ‘ಅನೀಮಿಯಾ’. ಗ್ರೂಪ್ ಒ ಪಾಸಿಟಿವ್, ಫ್ರಿಜ್ಜಿನಲ್ಲಿ ಬೇಕಾದಷ್ಟು ಸ್ಟಾಕ್ ಇದೆ. ದಾನಿಯ ಕಣಕ್ಕೂ ರೋಗಿಯ ಪ್ಲಾಸ್ಮಾಗೂ (ರಕ್ತದ ದ್ರವ ಭಾಗ) ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಮಾಡಿ ಕೊಟ್ಟು ಕಳಿಸಿದರೆ ಮುಗಿಯಿತು. ಆದರೆ ಮೊದಲ ಯೂನಿಟ್ ಹೊಂದುವುದಿಲ್ಲ. ಎರಡನೆಯದೂ ಹೊಂದುವುದಿಲ್ಲ. ಇನ್ನೂ ನಾಲ್ಕು ತೆಗೆದು ನೋಡುತ್ತಾರೆ. ನಾಲ್ಕೂ ಹಾಗೆಯೇ.

ಇದು ಯಾರೋ ಒಬ್ಬರ ಫೈಲ್ ಅಲ್ಲ. ಡಾರಾಟುಮುಮಾಬ್ ಎಂಬ ಔಷಧ ಬಂದ ಮೇಲೆ ಎಷ್ಟೋ ಊರುಗಳ ಬ್ಲಡ್ ಬ್ಯಾಂಕ್‌ಗಳು ಎದುರಿಸಿದ ಪೇಚನ್ನು ಒಬ್ಬ ರೋಗಿಯ ಸುತ್ತ ಇಟ್ಟು ಬರೆದಿದ್ದೇನೆ. ರೋಗಿ ಮಾದರಿಗೆ ಮಾತ್ರ. ಔಷಧ, ಪರೀಕ್ಷೆ, ರಸಾಯನಶಾಸ್ತ್ರ ಎಲ್ಲ ಇದ್ದದ್ದು ಇದ್ದ ಹಾಗೆ. ಈ ಪೇಚಿನಿಂದ ಬಿಡಿಸಿದ್ದು ಬಯೋಕೆಮಿಸ್ಟ್ರಿ ಲ್ಯಾಬಿನ ಹಳೆಯ ಬಾಟಲಿಯೊಂದು: ಡೈಥಯೋಥ್ರೀಟಾಲ್, ಚಿಕ್ಕದಾಗಿ ಡಿಟಿಟಿ. ಸೊಳ್ಳೆಗೆ ಹೊಡೆಯುವ ಡಿಡಿಟಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಬೆಂಚಿನ ಮೇಲೆ ಕಂಡದ್ದು

ಜೆಲ್ ಕಾರ್ಡನ್ನು ಬೆಳಕಿಗೆ ಹಿಡಿದರೆ ವಿಚಿತ್ರ ಕಾಣುತ್ತದೆ. ರಕ್ತ ಹೊಂದಿದರೆ ಕೆಂಪು ಕಣಗಳು ಜೆಲ್ ದಾಟಿ ತಳದಲ್ಲಿ ಚುಕ್ಕೆಯಾಗಿ ಕೂರುತ್ತವೆ. ಜೋರಾಗಿ ಹೊಂದದಿದ್ದರೆ ಗಂಟುಕಟ್ಟಿಕೊಂಡು ಮೇಲ್ಗಡೆಯೇ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಎರಡೂ ಅಲ್ಲ. ಕೆಳಗಿನ ಅರ್ಧದಲ್ಲಿ ಕಣಗಳು ರವೆ ಚೆಲ್ಲಿದ ಹಾಗೆ ಹರಡಿವೆ. ಬೆಂಚಿನವರು ಇದನ್ನು ‘ಒನ್ ಪ್ಲಸ್’ ಅನ್ನುತ್ತಾರೆ. ದುರ್ಬಲ, ಆದರೂ ಪಾಸಿಟಿವ್. ಅದೂ ಎಲ್ಲ ಕೊಳವೆಯಲ್ಲೂ ಒಂದೇ ಥರ.

ರೋಗಿಯ ಪ್ಲಾಸ್ಮಾದಲ್ಲಿ ಬೇರೆಯವರ ಕಣಕ್ಕೆ ಅಂಟುವ ಆಂಟಿಬಾಡಿ ಇದೆಯೇ ಎಂದು ಮಾದರಿ ಕಣಗಳ ಮೇಲೆ ನೋಡುವುದು ಆಂಟಿಬಾಡಿ ಸ್ಕ್ರೀನಿಂಗ್. ಅದರ ಮೂರು ಕಣಗಳೂ ಪಾಸಿಟಿವ್. 11 ಕಣಗಳ ಪ್ಯಾನೆಲ್ ಹಾಕಿದರೆ ಹನ್ನೊಂದೂ ಪಾಸಿಟಿವ್. ಗ್ರೂಪ್ ನೋಡುವ ಪರೀಕ್ಷೆಯಲ್ಲಿ ಮಾತ್ರ ಗೊಂದಲವೇ ಇಲ್ಲ. ಎಬಿಒ, ಆರ್‌ಎಚ್ ಎರಡೂ ಸ್ಪಷ್ಟ. ತೊಂದರೆ ಇರುವುದು ಕೂಂಬ್ಸ್ ಹಂತದಲ್ಲಿ, ಅಂದರೆ ಕಣಕ್ಕೆ ಅಂಟಿದ ಐಜಿಜಿ ಎಂಬ ಬಗೆಯ ಆಂಟಿಬಾಡಿಯನ್ನು ಹಿಡಿದು ತೋರಿಸುವ ಹಂತದಲ್ಲಿ.

ಎಲ್ಲವೂ ಪಾಸಿಟಿವ್ ಬಂದರೆ ಅನುಭವಸ್ಥರಿಗೆ ಮೊದಲು ಹೊಳೆಯುವುದು ಆಟೋಆಂಟಿಬಾಡಿ. ರೋಗಿಯ ದೇಹ ತನ್ನ ಕಣಗಳ ಮೇಲೇ ತಿರುಗಿಬಿದ್ದಿರಬಹುದು. ಹಾಗಿದ್ದರೆ ರೋಗಿಯ ಸ್ವಂತ ಕಣಗಳ ಮೇಲೂ ಆಂಟಿಬಾಡಿ ಕಾಣಬೇಕು, ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಬರಬೇಕು. ಇಲ್ಲಿ ನೆಗೆಟಿವ್. ಇನ್ನೊಂದು ಅನುಮಾನ ಇದಕ್ಕಿಂತ ಭಯದ್ದು. ಹೆಚ್ಚುಕಡಿಮೆ ಎಲ್ಲ ಮನುಷ್ಯರಲ್ಲೂ ಇರುವ ಯಾವುದೋ ಆಂಟಿಜೆನ್ (ಕಣದ ಮೈಮೇಲಿರುವ, ಆಂಟಿಬಾಡಿ ಹಿಡಿಯುವ ಗುರುತು) ಈ ಒಬ್ಬರಲ್ಲಿ ಇಲ್ಲ, ಹಿಂದೊಮ್ಮೆ ರಕ್ತ ಏರಿಸಿದಾಗ ಅದರ ವಿರುದ್ಧ ಆಂಟಿಬಾಡಿ ಹುಟ್ಟಿಕೊಂಡಿದೆ. ಇದು ನಿಜವಾದರೆ ಅಪರೂಪದ ದಾನಿಯನ್ನು ಹುಡುಕಬೇಕು, ದೊಡ್ಡ ರೆಫರೆನ್ಸ್ ಲ್ಯಾಬಿಗೆ ಸ್ಯಾಂಪಲ್ ಕಳಿಸಬೇಕು. ರೋಗಿ ಮಂಚದ ಮೇಲೆ ಏದುಸಿರು ಬಿಡುತ್ತಾ ಕಾಯಬೇಕು.

ಇಷ್ಟರಲ್ಲಿ ಯಾರೋ ಒಬ್ಬರು ವಾರ್ಡಿಗೆ ಫೋನ್ ಮಾಡುತ್ತಾರೆ.

“ಡಾಕ್ಟ್ರೇ, ಈ ಪೇಷಂಟ್‌ಗೆ ಹೊಸ ಇಂಜೆಕ್ಷನ್ ಏನಾದ್ರೂ ನಡೀತಿದ್ಯಾ?”

“ಮೈಲೋಮಾ ಕೇಸು ಮೇಡಂ. ಡಾರಾ ಶುರು ಮಾಡಿ ಮೂರು ವಾರ ಆಯ್ತು. ಯಾಕೆ?”

ಗಂಟೆಗಟ್ಟಲೆ ಸುತ್ತಿದ್ದು ಈ ಒಂದು ಸಾಲಿಗೆ. ಫಾರಂನಲ್ಲಿ ಅದನ್ನು ಬರೆದಿದ್ದರೆ ಪ್ಯಾನೆಲ್ ಕೂಡ ಹಾಕಬೇಕಿರಲಿಲ್ಲ.

ಔಷಧವೇ ಆಂಟಿಬಾಡಿ

ಮಲ್ಟಿಪಲ್ ಮೈಲೋಮಾ ಅಂದರೆ ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು (ಆಂಟಿಬಾಡಿ ತಯಾರಿಸುವ ಬಿಳಿ ಕಣಗಳು) ಹದ್ದುಮೀರಿ ಬೆಳೆಯುವ ಕ್ಯಾನ್ಸರ್. ಆ ಕಣಗಳ ಮೈಮೇಲೆ ಸಿಡಿ38 ಎಂಬ ಪ್ರೋಟೀನ್ ದಂಡಿಯಾಗಿರುತ್ತದೆ. ಡಾರಾಟುಮುಮಾಬ್ ಅದನ್ನೇ ಹುಡುಕಿ ಹಿಡಿದುಕೊಳ್ಳುವ ಆಂಟಿಬಾಡಿ. ಅಮೆರಿಕದ ಎಫ್‌ಡಿಎ ಇದಕ್ಕೆ 2015ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ರಕ್ತನಾಳಕ್ಕೆ ಕೊಡುವಾಗಿನ ಡೋಸು ದೇಹದ ಒಂದು ಕಿಲೋಗೆ 16 ಮಿಲಿಗ್ರಾಂ. 60 ಕಿಲೋ ತೂಗುವ ಮನುಷ್ಯನಿಗೆ ಒಂದು ಸಲಕ್ಕೆ ಹತ್ತಿರ ಹತ್ತಿರ ಒಂದು ಗ್ರಾಂ ಆಂಟಿಬಾಡಿ ಒಳಗೆ ಹೋಗುತ್ತದೆ. ಶುರುವಿನಲ್ಲಿ ಪ್ರತಿ ವಾರ. ಹೀಗಾಗಿ ರೋಗಿಯ ಪ್ಲಾಸ್ಮಾದಲ್ಲಿ ಔಷಧ ಯಥೇಚ್ಛವಾಗಿ ಓಡಾಡುತ್ತಿರುತ್ತದೆ.

ಸಿಡಿ38 ಕೆಂಪು ರಕ್ತಕಣಗಳ ಮೇಲೂ ಚೂರುಪಾರು ಇದೆ. ರೋಗಿಯ ಪ್ಲಾಸ್ಮಾವನ್ನು ಯಾರದೇ ರಕ್ತದ ಜೊತೆ ಬೆರೆಸಿ, ಔಷಧ ಆ ಕಣಗಳಿಗೆ ಹೋಗಿ ಅಂಟುತ್ತದೆ. ಕೂಂಬ್ಸ್ ರಿಯೇಜೆಂಟ್‌ಗೆ ಕಾಣುವುದು ಮನುಷ್ಯನ ಐಜಿಜಿ ಮಾತ್ರ. ಅದು ರೋಗಿಯ ದೇಹದಲ್ಲಿ ಹುಟ್ಟಿತೋ ಬಾಟಲಿಯಿಂದ ಬಂತೋ ಅಂತ ಅದಕ್ಕೇನು ಗೊತ್ತು? ಕಣದ ಮೇಲೆ ಸಿಡಿ38 ಕಡಿಮೆ ಇರುವುದರಿಂದ ರಿಯಾಕ್ಷನ್ ದುರ್ಬಲ, ಎಲ್ಲರಲ್ಲೂ ಇರುವುದರಿಂದ ಎಲ್ಲ ಕೊಳವೆಯಲ್ಲೂ. ಆ ಒನ್ ಪ್ಲಸ್ ಸಾಲಿನ ಗುಟ್ಟು ಇದೇ.

ಹಾಗಾದರೆ ರೋಗಿಯ ಸ್ವಂತ ಕಣಗಳೇಕೆ ನೆಗೆಟಿವ್? ಔಷಧ ಶುರುವಾದ ಮೇಲೆ ರೋಗಿಯ ಕಣಗಳ ಮೇಲಿನ ಸಿಡಿ38 ಕಳಚಿಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಕೆಲವರಲ್ಲಿ ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಬರುವುದೂ ಉಂಟು. ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರುವಂತಿಲ್ಲ.

ಇಷ್ಟಾದರೂ ಈ ಅಂಟುವಿಕೆಯಿಂದ ರೋಗಿಗೆ ಹೇಳಿಕೊಳ್ಳುವಂಥ ರಕ್ತನಾಶ ಆಗುವುದಿಲ್ಲ. ಹಾಗಾದರೆ ಸುಮ್ನೆ ಕೊಟ್ಟುಬಿಡಬಹುದಲ್ವಾ ಎಂದು ಕೇಳಬಹುದು. ಜೀವ ಹೋಗುವ ತುರ್ತಿನಲ್ಲಿ ಹಾಗೇ ಮಾಡುತ್ತಾರೆ. ಗ್ರೂಪ್ ಹೊಂದುವ ರಕ್ತವನ್ನು ಕ್ರಾಸ್‌ಮ್ಯಾಚ್ ಇಲ್ಲದೆಯೇ ಕೊಡುತ್ತಾರೆ. ತುರ್ತಿಲ್ಲದಾಗ ಭಯ ಬೇರೆಯದು. ಮೈಲೋಮಾ ರೋಗಿಗಳಿಗೆ ಹಿಂದೆಯೂ ರಕ್ತ ಏರಿಸಿರುತ್ತಾರೆ. ಆಗ ಹುಟ್ಟಿದ ನಿಜವಾದ ಆಂಟಿಬಾಡಿ, ಉದಾಹರಣೆಗೆ ಇ ಅಥವಾ ಸಿ ಎಂಬ ಆಂಟಿಜೆನ್ ವಿರುದ್ಧದ ಆಂಟಿ-ಇ ಅಥವಾ ಆಂಟಿ-ಸಿ, ಈ ಗದ್ದಲದ ಕೆಳಗೆ ಅಡಗಿ ಕೂತಿರಬಹುದು. ಅದು ಕಾಣದೆ ತಪ್ಪು ರಕ್ತ ಕೊಟ್ಟರೆ ಕಣಗಳು ಒಡೆಯುತ್ತವೆ. ಗದ್ದಲ ನಿಲ್ಲಿಸದೆ ಅದನ್ನು ಕೇಳಿಸಿಕೊಳ್ಳಲು ಆಗುವುದಿಲ್ಲ.

ಹಳೆಯ ಉಪಾಯ ಸೋತದ್ದು, ಬಾಸ್ಟನ್‌ನವರು ಗೆದ್ದದ್ದು

ಬ್ಲಡ್ ಬ್ಯಾಂಕಿನವರ ಕೈಯಲ್ಲಿ ಇಂಥದ್ದಕ್ಕೆ ಒಂದು ಉಪಾಯ ಇದ್ದೇ ಇದೆ. ರೋಗಿಯ ಪ್ಲಾಸ್ಮಾವನ್ನು ಬೇರೆ ಕಣಗಳ ಜೊತೆ ಇಟ್ಟು, ಬೇಡದ ಆಂಟಿಬಾಡಿಯನ್ನು ಆ ಕಣಗಳಿಗೆ ಹೀರಿಸಿ, ಉಳಿದ ಪ್ಲಾಸ್ಮಾವನ್ನು ಪರೀಕ್ಷಿಸುವುದು. ಅಡ್ಸಾರ್ಪ್ಶನ್ ಅಂತಾರೆ. ಡಾರಾ ವಿಷಯದಲ್ಲಿ ಇದು ಕೈಕೊಟ್ಟಿತು. ಔಷಧ ಅಷ್ಟೊಂದು, ಕಣದ ಮೇಲಿನ ಸಿಡಿ38 ಇಷ್ಟೇ ಇಷ್ಟು. ಎಷ್ಟು ಹೀರಿಸಿದರೂ ಮುಗಿಯುವುದಿಲ್ಲ. ಈ ಕೆಲಸಕ್ಕೆ ‘ಜ್ಯಾಪ್’ ಎಂಬ ಮಿಶ್ರಣದಿಂದ ತೊಳೆದ ಕಣಗಳನ್ನು ಬಳಸುವುದು ವಾಡಿಕೆ. ಅವಂತೂ ಇಲ್ಲಿ ಇನ್ನೂ ನಿಷ್ಪ್ರಯೋಜಕ. ಯಾಕೆಂದರೆ ಜ್ಯಾಪ್ ಒಳಗೆ ಒಂದು ಎನ್‌ಜೈಮ್ ಜೊತೆಗೆ ಡಿಟಿಟಿಯೂ ಇರುತ್ತದೆ. ಅದು ಸಿಡಿ38ನ್ನು ಮೊದಲೇ ಹಾಳುಮಾಡಿರುತ್ತದೆ, ಔಷಧ ಅಂಟಲು ಜಾಗವೇ ಇರುವುದಿಲ್ಲ. ನನಗೆ ಈ ಪ್ರಕರಣದಲ್ಲಿ ತುಂಬ ಇಷ್ಟವಾಗುವ ಜಾಗ ಇದು. ಒಂದು ಕೆಲಸಕ್ಕೆ ಅಡ್ಡಿಯಾದದ್ದೇ ಇನ್ನೊಂದಕ್ಕೆ ಬೇಕಾದದ್ದಾಗಿತ್ತು. ಹೀರಿಸುವ ಕಣಗಳಲ್ಲಿ ಸಿಡಿ38 ಇಲ್ಲದಿದ್ದರೆ ನಷ್ಟ. ಪರೀಕ್ಷಿಸುವ ಕಣಗಳಲ್ಲಿ ಇಲ್ಲದಿದ್ದರೆ ಲಾಭ.

2015ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ತಂಡ ‘ಟ್ರಾನ್ಸ್‌ಫ್ಯೂಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದನ್ನೇ. ಪ್ಲಾಸ್ಮಾವನ್ನು ಮುಟ್ಟಬೇಡಿ, ಪರೀಕ್ಷೆಯ ಕಣಗಳನ್ನೇ ಮೊದಲು ಡಿಟಿಟಿಯಲ್ಲಿ ನೆನೆಸಿ. ಸಿಡಿ38 ಹೇರಳವಾಗಿರುವ ಎಚ್‌ಎಲ್60 ಎಂಬ ಕಣಗಳ ಮೇಲೆ ಅವರು ಅಳೆದು ನೋಡಿದರು. ಡಿಟಿಟಿ ಹಾಕಿದಾಗ ಔಷಧ ಅಂಟುವುದು 92% ಇಳಿಯಿತು. ಟ್ರಿಪ್ಸಿನ್ ಎಂಬ ಎನ್‌ಜೈಮ್ ಹಾಕಿದಾಗ ಇಳಿದದ್ದು 40% ಮಾತ್ರ. 2016ರ ಹೊತ್ತಿಗೆ ಅಮೆರಿಕದ ಬ್ಲಡ್ ಬ್ಯಾಂಕ್‌ಗಳ ಸಂಘವಾದ ಎಎಬಿಬಿ ಇದನ್ನು ತನ್ನ ಸೂಚನೆಯಲ್ಲಿ ಸೇರಿಸಿತು. ಬೇರೆ ದಾರಿಗಳೂ ಇದ್ದವು. ಪ್ಲಾಸ್ಮಾಗೆ ಕರಗುವ ಸಿಡಿ38 ಬೆರೆಸಿ ಔಷಧವನ್ನು ಕಟ್ಟಿಹಾಕುವುದು, ಸಿಡಿ38 ಕಡಿಮೆ ಇರುವ ಹೊಕ್ಕುಳಬಳ್ಳಿಯ ರಕ್ತದ ಕಣಗಳನ್ನು ಬಳಸುವುದು. ಮೊದಲನೆಯದು ದುಬಾರಿ, ಎರಡನೆಯದು ಬೇಕೆಂದಾಗ ಸಿಗುವುದಿಲ್ಲ. ಡಿಟಿಟಿ ಅಗ್ಗ, ಎಲ್ಲ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲೂ ಇರುತ್ತದೆ.

ಡಿಟಿಟಿ ಮಾಡುವುದೇನು

ಪ್ರೋಟೀನ್ ಒಂದು ಉದ್ದನೆಯ ಸರ. ಅದು ಮಡಿಸಿಕೊಂಡು ಒಂದು ಆಕಾರಕ್ಕೆ ನಿಲ್ಲುತ್ತದೆ. ಕಣದ ಹೊರಮೈಯಲ್ಲಿರುವ ಎಷ್ಟೋ ಪ್ರೋಟೀನ್‌ಗಳಲ್ಲಿ ಆ ಮಡಿಕೆಯನ್ನು ಬಿಗಿಹಿಡಿಯುವುದು ಗಂಧಕ-ಗಂಧಕದ ಬಂಧ, ಅಂದರೆ ಡೈಸಲ್ಫೈಡ್. ಸಿಡಿ38ರ ಹೊರಭಾಗದಲ್ಲಿ ಇಂಥ ಆರು ಬಂಧಗಳಿವೆ. ಅವನ್ನು ಬಿಡಿಸಿದರೆ ಆಕಾರ ಕೆಡುತ್ತದೆ. ಔಷಧ ಗುರುತು ಹಿಡಿಯುವುದು ಆಕಾರವನ್ನೇ.

ಡಿಟಿಟಿಯ ಅಣುವಿನಲ್ಲಿ ನಾಲ್ಕು ಕಾರ್ಬನ್‌ಗಳ ಸಾಲು, ಎರಡು ತುದಿಗೂ ಗಂಧಕ-ಹೈಡ್ರೋಜನ್ ಜೋಡಿ. ಒಂದು ತುದಿ ಪ್ರೋಟೀನಿನ ಬಂಧಕ್ಕೆ ಕೈಹಾಕಿ ಒಂದು ಗಂಧಕವನ್ನು ಹಿಡಿದುಕೊಳ್ಳುತ್ತದೆ. ತಕ್ಷಣ ತನ್ನದೇ ಇನ್ನೊಂದು ತುದಿ ಬಾಗಿ ಬಂದು ಮೊದಲಿನದನ್ನು ಸೇರುತ್ತದೆ. ಆರು ಪರಮಾಣುಗಳ ಗಟ್ಟಿಯಾದ ಉಂಗುರ ಆಗುತ್ತದೆ. ಪ್ರೋಟೀನಿನ ಬಂಧ ಕಳಚುತ್ತದೆ, ಡಿಟಿಟಿ ಉಂಗುರವಾಗಿ ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆ ಮೊದಲು ಲ್ಯಾಬುಗಳಲ್ಲಿ ನಡೆಯುತ್ತಿದ್ದದ್ದು ಮರ್ಕ್ಯಾಪ್ಟೋಎಥನಾಲ್. ಅದಕ್ಕೆ ಒಂದೇ ಗಂಧಕ. ಅರ್ಧ ಕೆಲಸ ಮಾಡಿ ಪ್ರೋಟೀನಿಗೇ ಅಂಟಿಕೊಂಡು ನಿಂತುಬಿಡಬಹುದು, ಹಾಗಾಗಿ ತುಂಬ ಜಾಸ್ತಿ ಸುರಿಯಬೇಕು. ವಾಸನೆಯೋ, ಒಬ್ಬರು ಮುಚ್ಚಳ ತೆಗೆದರೆ ಇಡೀ ಕಾರಿಡಾರಿಗೆ ಗೊತ್ತಾಗುತ್ತದೆ. ಡಿಟಿಟಿ ಕೂಡ ಪರಿಮಳದ್ದೇನಲ್ಲ, ಆದರೆ ಸಹಿಸಬಹುದು.

ಇದನ್ನು 1964ರಲ್ಲಿ ಪರಿಚಯಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡಬ್ಲ್ಯು. ಡಬ್ಲ್ಯು. ಕ್ಲೆಲ್ಯಾಂಡ್. ಅದಕ್ಕೇ ಇದಕ್ಕೆ ಕ್ಲೆಲ್ಯಾಂಡ್ ರಿಯೇಜೆಂಟ್ ಎಂಬ ಹೆಸರೂ ಇದೆ. ಅವರಿಗೆ ಬೇಕಿದ್ದದ್ದು ಎನ್‌ಜೈಮ್‌ಗಳ ಗಂಧಕ ಗಾಳಿಗೆ ಕೆಡದಂತೆ ಕಾಪಾಡುವ ವಸ್ತು. ಬ್ಲಡ್ ಬ್ಯಾಂಕಿಗೆ ಇದು ಹೊಸ ಮುಖವೇನೂ ಆಗಿರಲಿಲ್ಲ. ತೆಳು ಡಿಟಿಟಿ ಹಾಕಿ ಐಜಿಎಂ ಆಂಟಿಬಾಡಿಯನ್ನು ತುಂಡರಿಸಿ, ಉಳಿದದ್ದು ಐಜಿಜಿ ಎಂದು ಗುರುತಿಸುವುದು ಮೊದಲಿಂದ ಇದ್ದ ಪದ್ಧತಿ.

0.2 ಮೋಲಾರ್, ಪಿಎಚ್ 8, 37 ಡಿಗ್ರಿ

ಮಾಡುವ ಕ್ರಮ ಸರಳ. 1 ಗ್ರಾಂ ಡಿಟಿಟಿಯನ್ನು ಪಿಎಚ್ 8.0 ಇರುವ 32 ಮಿಲಿಲೀಟರ್ ಫಾಸ್ಫೇಟ್ ಸಲೈನ್‌ನಲ್ಲಿ ಕರಗಿಸಿದರೆ 0.2 ಮೋಲಾರ್ ಆಗುತ್ತದೆ. ತೊಳೆದ ಕೆಂಪು ಕಣ ಒಂದು ಪಾಲು, ಡಿಟಿಟಿ ನಾಲ್ಕು ಪಾಲು. 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ನಡುನಡುವೆ ತಲೆಕೆಳಗು ಮಾಡಿ ಬೆರೆಸುತ್ತಿರಬೇಕು. ಆಮೇಲೆ ಸಲೈನ್‌ನಲ್ಲಿ ನಾಲ್ಕು ಸಲ ತೊಳೆಯಬೇಕು. ತೊಳೆಯುವುದನ್ನು ಅರೆಬರೆ ಮಾಡುವಂತಿಲ್ಲ. ಉಳಿದುಕೊಂಡ ಡಿಟಿಟಿ ಪರೀಕ್ಷೆಯ ಆಂಟಿಬಾಡಿಗಳನ್ನೂ ಬಿಡುವುದಿಲ್ಲ, ಅವುಗಳನ್ನು ಹಿಡಿದಿಟ್ಟಿರುವುದೂ ಇದೇ ಗಂಧಕದ ಬಂಧಗಳು. ತೊಳೆದ ನೀರು ಸ್ವಲ್ಪ ಕೆಂಪಾದರೆ ಗಾಬರಿ ಬೇಡ. ತುಂಬ ಕೆಂಪಾದರೆ ಕಣ ಒಡೆಯುತ್ತಿದೆ ಎಂದರ್ಥ. ಡಿಟಿಟಿ ಪ್ರಮಾಣವನ್ನೋ ಸಮಯವನ್ನೋ ಇಳಿಸಬೇಕು.

ಪಿಎಚ್ 8 ಎಂಬುದನ್ನು ಶಾಸ್ತ್ರಕ್ಕೆ ಬರೆದದ್ದು ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಬಂಧಕ್ಕೆ ಕೈಹಾಕುವುದು ಹೈಡ್ರೋಜನ್ ಕಳೆದುಕೊಂಡ ಗಂಧಕ. ಡಿಟಿಟಿಯ ಮೊದಲ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಹೀಗೆ ಹೈಡ್ರೋಜನ್ ಕಳೆದುಕೊಂಡಿರುವ ಪಿಎಚ್, ಸುಮಾರು 9.2. ಲೆಕ್ಕ ಹಾಕಿ ನೋಡಿ: ಪಿಎಚ್ 8ರಲ್ಲಿ ನೂರಕ್ಕೆ ಆರರಷ್ಟು ಈ ಚುರುಕು ರೂಪದಲ್ಲಿರುತ್ತದೆ. ಬೆಂಚಿನ ಮೇಲೆ ಸದಾ ಇರುವ ಪಿಎಚ್ 7.3ರ ಸಲೈನ್‌ನಲ್ಲಿ ಕರಗಿಸಿದರೆ ಅದು ನೂರಕ್ಕೆ ಒಂದು ಚಿಲ್ಲರೆಗೆ ಇಳಿಯುತ್ತದೆ. ಅದೇ ಪುಡಿ, ಅದೇ ತೂಕ, ಕೆಲಸ ಮಾತ್ರ ಐದರಲ್ಲೊಂದು ಪಾಲು.

ಇದರ ಇನ್ನೊಂದು ಮುಖವೂ ಇದೆ. ಪಿಎಚ್ ಏರಿದಷ್ಟೂ ಡಿಟಿಟಿ ಗಾಳಿಯ ಆಮ್ಲಜನಕಕ್ಕೂ ಬೇಗ ಬಲಿಯಾಗುತ್ತದೆ. 20 ಡಿಗ್ರಿಯಲ್ಲಿ ಪಿಎಚ್ 6.5ರ ದ್ರಾವಣ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ಬೇಕು. 7.5ರಲ್ಲಿ 10 ಗಂಟೆ. 8.5ರಲ್ಲಿ ಬರೀ 1.4 ಗಂಟೆ. ಆದ್ದರಿಂದ ಕರಗಿಸಿದ ಕೂಡಲೇ ಸಣ್ಣ ಸಣ್ಣ ಟ್ಯೂಬಿಗೆ ಹಾಕಿ ಫ್ರೀಜರಿಗೆ ತಳ್ಳಬೇಕು. ಒಮ್ಮೆ ಕರಗಿದ ಟ್ಯೂಬು ಅವತ್ತೇ ಖರ್ಚಾಗಬೇಕು, ಉಳಿದರೆ ಚೆಲ್ಲಬೇಕು. ‘ಅಯ್ಯೋ ಇನ್ನೂ ಅರ್ಧ ಇದೆಯಲ್ಲ’ ಎಂದು ಮತ್ತೆ ಫ್ರೀಜರಿಗಿಡುವ ಉಳಿತಾಯ ಇಲ್ಲಿ ನಡೆಯುವುದಿಲ್ಲ. ಕೆಟ್ಟ ಡಿಟಿಟಿ ನೋಡಲು ನೀರಿನಂತೆಯೇ ಇರುತ್ತದೆ.

ಕೆಟ್ಟಿದೆಯೋ ಇಲ್ಲವೋ ಹೇಳುವುದು ಕಂಟ್ರೋಲ್ ಕಣಗಳು. ಪ್ರತಿ ಸಲ ಎರಡನ್ನು ಜೊತೆಗೆ ನೆನೆಸಬೇಕು. ಒಂದು ಕೆ ಪಾಸಿಟಿವ್ ಕಣ, ಒಂದು ಇ ಪಾಸಿಟಿವ್ ಕಣ. ಕೆ ಅಂದರೆ ಕೆಲ್ ಎಂಬ ರಕ್ತದ ಗುಂಪಿನ ಆಂಟಿಜೆನ್. ಅದೂ ಗಂಧಕದ ಬಂಧಗಳ ಮೇಲೇ ನಿಂತದ್ದು. ಕೆಲ್ ಪ್ರೋಟೀನಿನ ಹೊರಭಾಗದಲ್ಲಿ 15 ಸಿಸ್ಟೀನ್‌ಗಳಿವೆ, ಅಂದರೆ ಇಂಥ ಬಂಧ ಕಟ್ಟುವ ಗಂಧಕ ಇರುವ ಅಮೈನೋ ಆಮ್ಲಗಳು. ಡಿಟಿಟಿ ಸರಿಯಿದ್ದರೆ ಕೆ ಕಣ ಆಂಟಿ-ಕೆ ಜೊತೆ ನೆಗೆಟಿವ್ ಆಗಬೇಕು. ಇ ಆಂಟಿಜೆನ್ ಆರ್‌ಎಚ್ ಗುಂಪಿನದು, ಡಿಟಿಟಿಗೆ ಜಗ್ಗುವುದಿಲ್ಲ. ಅದು ಪಾಸಿಟಿವ್ ಆಗಿಯೇ ಉಳಿಯಬೇಕು. ಕೆ ಇನ್ನೂ ಪಾಸಿಟಿವ್ ಇದ್ದರೆ ಡಿಟಿಟಿ ಸತ್ತಿದೆ. ಇ ನೆಗೆಟಿವ್ ಆದರೆ ಕಣಗಳನ್ನೇ ಕೊಂದಿದ್ದೀರಿ. ಎರಡೂ ಸರಿ ಬರದೆ ರೋಗಿಯ ರಿಸಲ್ಟ್ ಓದಬಾರದು.

ನಮ್ಮ ರೋಗಿಯ ವಿಷಯಕ್ಕೆ ಬರೋಣ. ಡಿಟಿಟಿಯಲ್ಲಿ ನೆನೆಸಿದ ಸ್ಕ್ರೀನಿಂಗ್ ಕಣಗಳ ಮೇಲೆ ಅದೇ ಪ್ಲಾಸ್ಮಾ ಹಾಕಿದಾಗ ಮೂರು ಕೊಳವೆಯಲ್ಲೂ ಕಣಗಳು ತಳಕ್ಕಿಳಿದು ಅಚ್ಚುಕಟ್ಟಾದ ಚುಕ್ಕೆಯಾಗಿ ಕೂತಿವೆ. ಅಡಗಿ ಕೂತ ಆಂಟಿಬಾಡಿ ಯಾವುದೂ ಇಲ್ಲ. ಆರ್‌ಎಚ್, ಡಫಿ, ಕಿಡ್, ಎಂಎನ್‌ಎಸ್ ಗುಂಪುಗಳೆಲ್ಲ ಡಿಟಿಟಿ ದಾಟಿ ಉಳಿಯುವುದರಿಂದ ಅವುಗಳ ಮಟ್ಟಿಗೆ ಈ ‘ಇಲ್ಲ’ವನ್ನು ನಂಬಬಹುದು.

ಡಿಟಿಟಿ ಜೊತೆಗೆ ಅಳಿಸಿದ್ದು

ನಂಬಲಾಗದ್ದು ಕೆಲ್ ಗುಂಪು. ಪರೀಕ್ಷೆಯ ಕಣಗಳಿಂದ ಕೆಲ್ ಅಳಿಸಿಹೋಗಿದೆ. ಹಾಗಾಗಿ ರೋಗಿಯಲ್ಲಿ ಆಂಟಿ-ಕೆ ಇದ್ದರೂ ಕಾಣುವುದಿಲ್ಲ. ರಕ್ತ ಪಾಸಿಟಿವೋ ನೆಗೆಟಿವೋ ಎಂದು ನಿರ್ಧರಿಸುವ ಡಿ ಆಂಟಿಜೆನ್ ಬಿಟ್ಟರೆ ದೇಹವನ್ನು ಹೆಚ್ಚು ಕೆರಳಿಸುವುದು ಕೆ, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ. ಪರಿಹಾರ ಮಾತ್ರ ಸುಲಭ: ಕೆ ನೆಗೆಟಿವ್ ರಕ್ತವನ್ನೇ ಕೊಡಿ. ಯುರೋಪಿನವರಲ್ಲಿ ಸುಮಾರು 9% ಜನ ಕೆ ಪಾಸಿಟಿವ್. ಭಾರತದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಹುಡುಕಿ ತೆಗೆಯಬೇಕಾದ ಯೂನಿಟ್ ಇಲ್ಲಿ ಶೆಲ್ಫಿನಲ್ಲಿ ಕೈಗೆ ಸಿಕ್ಕಿದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಹಾಗಂತ ಟೆಸ್ಟ್ ಮಾಡದೆ ಕೊಡುವಂತಿಲ್ಲ.

ಲೂಥರನ್, ಡಾಂಬ್ರಾಕ್, ಕಾರ್ಟ್‌ರೈಟ್, ನಾಪ್ಸ್ ಗುಂಪುಗಳೂ ಡಿಟಿಟಿಗೆ ಕೆಡುತ್ತವೆ. ಪಟ್ಟಿಯಲ್ಲಿ ನಮ್ಮವರದೂ ಒಂದಿದೆ. 1973ರಲ್ಲಿ ಮುಂಬೈನಿಂದ ವರದಿಯಾದ, ‘ಇಂಡಿಯನ್’ ಎಂದೇ ಹೆಸರಾದ ರಕ್ತದ ಗುಂಪು. ಇವುಗಳ ಆಂಟಿಬಾಡಿಗಳು ಅಪರೂಪ. ಆದರೂ ರಿಪೋರ್ಟಿನಲ್ಲಿ ‘ಆಂಟಿಬಾಡಿ ಇಲ್ಲ’ ಎಂದಷ್ಟೇ ಬರೆಯುವ ಬದಲು ‘ಡಿಟಿಟಿ ಹಾಕಿದ ಕಣಗಳಲ್ಲಿ ಕಾಣಲಿಲ್ಲ’ ಎಂದು ಬರೆಯುವುದು ಒಳ್ಳೆಯದು.

ರೋಗಿಗೆ ಕೆ ನೆಗೆಟಿವ್ ಆದ ಎರಡು ಒ ಪಾಸಿಟಿವ್ ಯೂನಿಟ್ ಹೋಗುತ್ತವೆ. ಸ್ಕ್ರೀನಿಂಗ್ ಡಿಟಿಟಿಯಲ್ಲಿ ನೆಗೆಟಿವ್ ಬಂದಿದ್ದರೆ ಕೊನೆಯ ಕ್ರಾಸ್‌ಮ್ಯಾಚನ್ನು ಕೂಂಬ್ಸ್ ಇಲ್ಲದೆ, ಗ್ರೂಪ್ ಹೊಂದಿಕೆ ನೋಡುವ ಮಟ್ಟಿಗೆ ಮಾಡಿದರೆ ಸಾಕು ಎಂದು ಎಎಬಿಬಿ ಹೇಳುತ್ತದೆ. ಸ್ಕ್ರೀನಿಂಗ್ ಕಣಗಳನ್ನು ಇಟ್ಟುಕೊಳ್ಳದೆ ಬರೀ ಕ್ರಾಸ್‌ಮ್ಯಾಚ್ ನಂಬಿರುವ ಬ್ಲಡ್ ಬ್ಯಾಂಕ್‌ಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಅಂಥಲ್ಲಿ ಯೂನಿಟ್‌ನ ಟ್ಯೂಬಿನ ತುಂಡಿನಿಂದ ದಾನಿಯ ಕಣ ತೆಗೆದು, ಅದನ್ನೇ ಡಿಟಿಟಿಯಲ್ಲಿ ನೆನೆಸಿ ಕೂಂಬ್ಸ್ ಮಾಡಬಹುದು. ಕೆಲಸ ಜಾಸ್ತಿ, ಆದರೆ ಆಗುತ್ತದೆ.

ರೋಗಿಯ ಫೈಲಿನಲ್ಲಿ ಎರಡು ಸೂಚನೆ ಸೇರುತ್ತವೆ. ಕೊನೆಯ ಡೋಸ್ ಆದ ಮೇಲೂ ಆರು ತಿಂಗಳವರೆಗೆ ಈ ಗೊಂದಲ ಇರಬಹುದು, ಆದ್ದರಿಂದ ಎಲ್ಲಿ ಹೋದರೂ ಬ್ಲಡ್ ಬ್ಯಾಂಕಿಗೆ ಔಷಧದ ಹೆಸರು ಹೇಳಬೇಕು. ಇನ್ನೊಂದು, ಡಿಎನ್‌ಎಯಿಂದ ರಕ್ತದ ಗುಂಪುಗಳನ್ನು ತಿಳಿಯುವ ಪರೀಕ್ಷೆಗೆ ಸ್ಯಾಂಪಲ್ ಕಳಿಸಬೇಕು. ಮೊದಲ ಡೋಸಿಗೆ ಮುಂಚೆಯೇ ರಕ್ತ ತೆಗೆದು ಸ್ಕ್ರೀನಿಂಗ್ ಮತ್ತು ಗುಂಪುಗಳ ವಿವರ ಮಾಡಿಟ್ಟಿದ್ದರೆ ಇದೆಲ್ಲ ಸಲೀಸಾಗುತ್ತಿತ್ತು. ಈಗ ಬೇರೆಯವರ ಕಣಗಳೂ ಒಳಗೆ ಓಡಾಡುತ್ತಿರುವುದರಿಂದ ಮಾಮೂಲಿ ಟೈಪಿಂಗ್ ನೆಚ್ಚುವ ಹಾಗಿಲ್ಲ, ಡಿಎನ್‌ಎ ಒಂದೇ ದಾರಿ.

2020ರಲ್ಲಿ ಎಫ್‌ಡಿಎ ಒಪ್ಪಿದ ಇಸಾಟುಕ್ಸಿಮಾಬ್ ಕೂಡ ಸಿಡಿ38ನ್ನೇ ಹಿಡಿಯುವ ಔಷಧ. ಅದಕ್ಕೂ ಇದೇ ಬಾಟಲಿ ನಡೆಯುತ್ತದೆ. ಆದರೆ ಸಿಡಿ47ನ್ನು ಹಿಡಿಯುವ ಮ್ಯಾಗ್ರೋಲಿಮಾಬ್ ಪ್ರಯೋಗಕ್ಕೆ ಬಂದಾಗ ಡಿಟಿಟಿ ಕೈಚೆಲ್ಲಿತು. ಸಿಡಿ47 ಕೆಂಪು ಕಣಗಳ ಮೇಲೆ ತುಂಬ ಇದೆ, ಡಿಟಿಟಿಗೆ ಅದು ಕೆಡುವುದಿಲ್ಲ. ಅಲ್ಲಿ ದಾರಿ ತೋರಿಸಿದ್ದು ಬೇರೆಯೇ ಸಂಗತಿ. ಆ ಔಷಧ ಐಜಿಜಿ4 ಬಗೆಯದು, ಮತ್ತು ಐಜಿಜಿ4ನ್ನು ಗುರುತು ಹಿಡಿಯದ ಒಂದು ಕೂಂಬ್ಸ್ ರಿಯೇಜೆಂಟ್ ಮಾರುಕಟ್ಟೆಯಲ್ಲಿ ಮೊದಲಿಂದಲೂ ಇತ್ತು.